ಹಳೆಯ ಲಾರಿಗೆ ಇನ್ನೊಂದು ಲಾರಿಯ ಅಂಗಾಂಗ

ಬಿಡಿಭಾಗಕ್ಕೆಂದು ಎರಡನೆಯ ಲಾರಿ ಕೊಳ್ಳುವಾಗ ಅದರಡಿ ತೆವಳಿ ನೋಡಿ. ಹೊಳೆಯುವ ಬಣ್ಣಕ್ಕೆ ನಾನಂತೂ ಮರುಳಾಗುವುದಿಲ್ಲ. ಗೇರ್‌ಬಾಕ್ಸನ್ನು ಕ್ಲಚ್, ಅದನ್ನು ಮುಚ್ಚುವ ಬೆಲ್ ಹೌಸಿಂಗ್ ಸಮೇತ ಇಳಿಸಿ. ಇಲ್ಲವಾದರೆ ಶಾಫ್ಟಿನ ಹಲ್ಲುಗಳು ಕ್ಲಚ್ ಪ್ಲೇಟಿಗೆ ಕೂರದೆ ಹೋಗಬಹುದು. ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಡಿಫರೆನ್ಷಿಯಲ್ ಬಿಚ್ಚಿ, ಅದರೊಳಗಿನ ದೊಡ್ಡ ಕ್ರೌನ್ ಚಕ್ರದ ಹಲ್ಲುಗಳನ್ನು, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್ ಚಕ್ರದ ಹಲ್ಲುಗಳಿಂದ ಭಾಗಿಸಿ: 41 ಮತ್ತು 7 ಇದ್ದರೆ ಅನುಪಾತ 5.86. ಈ ಸಂಖ್ಯೆ ಹೆಚ್ಚಿದಷ್ಟೂ ಏರು ಹತ್ತುವುದು ಸುಲಭ, ಓಟ ನಿಧಾನ.

ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಸಿಟ್ಟು ಬಂದರೆ ಸ್ಪ್ಯಾನರ್ ಕೆಳಗಿಡಿ. ತಲೆ ಮುರಿದ ಬೋಲ್ಟನ್ನು ಡ್ರಿಲ್ ಮಾಡಿ ತೆಗೆಯುವಷ್ಟು ಬೇಸರದ ಕೆಲಸ ಮತ್ತೊಂದಿಲ್ಲ. ವೈರನ್ನು ಕನೆಕ್ಟರಿನಿಂದ ಗೇಣುದ್ದ ಬಿಟ್ಟು ಕತ್ತರಿಸಿ, ಚೀಟಿ ಕಟ್ಟಿ. ಬ್ರೇಕಿನ ಹೋಸ್, ರಬ್ಬರ್ ಸೀಲ್‌ಗಳನ್ನು ಮಾತ್ರ ಹೊಸದಾಗಿಯೇ ಕೊಳ್ಳಿ.