ಸಂಬಳ ಕೊಡೋರು ಒಬ್ಬರು, ಕಲಿಸೋರು ಇನ್ನೊಬ್ಬರು: ಇಂಗ್ಲೆಂಡಿನ ಡಾಕ್ಟರ್ ಟ್ರೈನಿಂಗ್

ಊರಲ್ಲಿ ಎಂಬಿಬಿಎಸ್ ಮುಗಿಸಿ, ಪ್ಲ್ಯಾಬ್ (ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಇಲ್ಲಿಯ ಪರೀಕ್ಷೆ) ಪಾಸಾಗಿ ಇಂಗ್ಲೆಂಡಿಗೆ ಬಂದವರು ಮೊದಲು ತಬ್ಬಿಬ್ಬಾಗುವುದು ಇಲ್ಲೇ. ನಮ್ಮಲ್ಲಿ ಪಿಜಿ ಸೀಟು ಅಂದರೆ ಹೆಚ್ಚಾಗಿ ಒಂದೇ ಕಾಲೇಜು, ಅದರದೇ ಆಸ್ಪತ್ರೆ. ಇಲ್ಲಿ ಟ್ರೈನಿಂಗ್ ಯಾವ ಒಂದು ಆಸ್ಪತ್ರೆಯ ಸ್ವತ್ತೂ ಅಲ್ಲ. ಒಂದು ಭಾಗದ ಸರ್ಕಾರಿ ಎನ್‌ಎಚ್‌ಎಸ್ ಆಸ್ಪತ್ರೆಗಳು ಸೇರಿ ನಡೆಸುವ ಪ್ರೋಗ್ರಾಂ ಅದು. ಉಸ್ತುವಾರಿ ಡೀನರಿಯದು, ಅಂದರೆ ಆ ಭಾಗದ ಟ್ರೈನಿಂಗ್ ನೋಡಿಕೊಳ್ಳುವ ಕಚೇರಿಯದು.

ಇಲ್ಲೇ ಓದಿದವರು ಮೊದಲು ಎರಡು ವರ್ಷದ ಫೌಂಡೇಶನ್ (ಹೊಸ ಡಾಕ್ಟರುಗಳ ಆರಂಭದ ಟ್ರೈನಿಂಗ್) ಮಾಡುತ್ತಾರೆ. ಸಾಮಾನ್ಯವಾಗಿ ನಾಲ್ಕು ನಾಲ್ಕು ತಿಂಗಳ ಆರು ಪೋಸ್ಟಿಂಗ್. ಆಗಸ್ಟ್‌ನ ಮೊದಲ ಬುಧವಾರ ಶುರು. ದೊಡ್ಡ ಟೀಚಿಂಗ್ ಆಸ್ಪತ್ರೆಯಲ್ಲಿ ಅಪರೂಪದ ಕೇಸು ನೋಡಬಹುದು. ಜಿಲ್ಲಾ ಆಸ್ಪತ್ರೆಯ ನೈಟ್ ಡ್ಯೂಟಿಯಲ್ಲಿ ಕೈ ಪಳಗುತ್ತದೆ. ಎರಡೂ ಬೇಕು ಅಂತಲೇ ಈ ಅಲೆದಾಟ. ಸಣ್ಣ ಆಸ್ಪತ್ರೆಗಳಿಗೂ ಜನ ಬೇಕಲ್ವಾ, ಅದೂ ಒಂದು ಕಾರಣ!

ಟ್ರಸ್ಟ್ (ಆಸ್ಪತ್ರೆ ನಡೆಸುವ ಸಂಸ್ಥೆ) ಬದಲಾದಂತೆಲ್ಲ ಹೊಸ ಕಾಂಟ್ರ್ಯಾಕ್ಟ್, ಟ್ಯಾಕ್ಸ್ ಕೋಡ್ ಗೊಂದಲ, ಅದೇ ಫೈರ್ ಸೇಫ್ಟಿ ಮಾಡ್ಯೂಲ್ ಮತ್ತೊಮ್ಮೆ. ಇದನ್ನು ತಪ್ಪಿಸಲು ಹಲವು ಕಡೆ 'ಲೀಡ್ ಎಂಪ್ಲಾಯರ್' ಇದೆ. ಎಷ್ಟು ಆಸ್ಪತ್ರೆ ಸುತ್ತಿದರೂ ಧಣಿ ಒಬ್ಬರೇ. ಪೇಸ್ಲಿಪ್ ಮೇಲೆ ನೀವು ಕಾಲೇ ಇಡದ ಊರಿನ ಟ್ರಸ್ಟ್ ಹೆಸರಿದ್ದರೆ ಗಾಬರಿಯಾಗಬೇಡಿ. ಸಂಬಳಕ್ಕೆ ಅವರನ್ನು ಕೇಳಿ. ರೋಟಾ (ಡ್ಯೂಟಿ ಪಟ್ಟಿ), ರಜೆಗೆ ಕೆಲಸ ಮಾಡುವ ಆಸ್ಪತ್ರೆಯ ರೋಟಾ ಕೋಆರ್ಡಿನೇಟರ್. ವರ್ಷಕ್ಕೊಮ್ಮೆ ನಿಮ್ಮ ಪ್ರಗತಿ ತೂಗುವ ಎಆರ್‌ಸಿಪಿಗೆ ಡೀನರಿ. ತಪ್ಪು ಬಾಗಿಲು ತಟ್ಟಿದರೆ ಇಮೇಲ್ ಸುಮ್ನೆ ಸುತ್ತುತ್ತಿರುತ್ತದೆ.

ಆದರೆ ನಮ್ಮವರಲ್ಲಿ ಜಾಸ್ತಿ ಜನಕ್ಕೆ ಮೊದಲು ಸಿಗುವುದು ಟ್ರೈನಿಂಗ್ ಪೋಸ್ಟೇ ಅಲ್ಲ, 'ಕ್ಲಿನಿಕಲ್ ಫೆಲೋ' ಕೆಲಸ. ಅದೇ ವಾರ್ಡು, ಅದೇ ಬ್ಲೀಪು (ಪೇಜರ್), ಅದೇ ನೈಟು. ಡೀನರಿ ಮಾತ್ರ ಇಲ್ಲ, ಈ ಕೆಲಸದಲ್ಲಿ ಕಳೆದ ವರ್ಷ ಟ್ರೈನಿಂಗ್ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಒಪ್ಪಿಕೊಳ್ಳುವ ಮುಂಚೆಯೇ ಕೇಳಿ: ಎಜುಕೇಶನಲ್ ಸೂಪರ್‌ವೈಸರ್ ಕೊಡ್ತೀರಾ? ಪೋರ್ಟ್‌ಫೋಲಿಯೋ (ಕಲಿತದ್ದರ ದಾಖಲೆ)? ಸ್ಟಡಿ ಲೀವ್? ಟ್ರೈನಿಗಳ ಪಾಠಕ್ಕೆ ನಾನೂ ಕೂರಬಹುದಾ? ಹೂಂ ಅಂದರೆ ಅದನ್ನು ಬರಹದಲ್ಲೇ ಪಡೆಯಿರಿ.

ಟ್ರೈನಿಂಗಿಗೆ ಪೈಪೋಟಿ ವಿಪರೀತ. ಇಲ್ಲೇ ಓದಿದವರಿಗೆ ಆದ್ಯತೆ ಅಂತ ಸರ್ಕಾರ 2025ರಲ್ಲೇ ಹೇಳಿದೆ. ಅರ್ಜಿ ಹಾಕುವುದಾದರೆ, ಫೌಂಡೇಶನ್ ಮಾಡದವರಿಗೆ ಕ್ರೆಸ್ಟ್ ಫಾರ್ಮ್ (ಸ್ಪೆಷಾಲಿಟಿ ಟ್ರೈನಿಂಗಿಗೆ ಸಿದ್ಧ ಅನ್ನುವ ಪ್ರಮಾಣಪತ್ರ) ಬೇಕು. ಕನಿಷ್ಠ ಮೂರು ತಿಂಗಳು ನಿಮ್ಮ ಕೆಲಸ ನೋಡಿದ ಕನ್ಸಲ್ಟೆಂಟ್ ಅದಕ್ಕೆ ಸಹಿ ಹಾಕಬೇಕು. ಅದರಲ್ಲಿ ಒಂದೊಂದು ಕೌಶಲಕ್ಕೂ ಬೇರೆ ಬೇರೆ ಟಿಕ್. ಕೊನೇ ವಾರ ಓಡಿಹೋಗಿ ಕೇಳಿದರೆ ಯಾರೂ ಖುಷಿಯಿಂದ ಹಾಕುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ಭೇಟಿಯಲ್ಲೇ ಆ ಫಾರ್ಮ್ ಅವರ ಮುಂದಿಡಿ.