ಇಲಿಯ ಮಹಾಪಧಮನಿ ಕಸಿ: ರಕ್ತನಾಳದ ದೀರ್ಘಕಾಲೀನ ತಿರಸ್ಕಾರವನ್ನು ನೋಡುವ ಬಗೆ

ಒಂದು ಇಲಿಯ ಮಹಾಪಧಮನಿಯ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳದ) ತುಂಡನ್ನು ಇನ್ನೊಂದಕ್ಕೆ ಜೋಡಿಸಿ, ಪರಕೀಯ ನಾಳವನ್ನು ದೇಹ ನಿಧಾನವಾಗಿ ತಿರಸ್ಕರಿಸುವುದನ್ನು ನೋಡುವುದೇ ಈ ಪ್ರಯೋಗ. ಪುಣೆ, ಮುಂಬಯಿಯ ಲ್ಯಾಬುಗಳಲ್ಲಿ ಈ ಕೆಲಸಕ್ಕೆ ಇಳಿಯುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಮೊದಲು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಪಡೆದಿರಬೇಕು.

ದಾನಿ ಬ್ಯಾಲ್ಬ್/ಸಿ ತಳಿಯ ಇಲಿ, ಸ್ವೀಕರಿಸುವುದು ಸಿ57ಬಿಎಲ್/6 ತಳಿಯದು. ಎರಡರ ಎಂಎಚ್‌ಸಿ (ತನ್ನದು ಯಾವುದು, ಪರಕೀಯ ಯಾವುದು ಎಂದು ದೇಹ ಗುರುತಿಸಲು ನೆರವಾಗುವ ಜೀನ್‌ಗಳ ಗುಂಪು) ಪೂರ್ತಿ ಬೇರೆ. ಒಂದೇ ತಳಿಯೊಳಗೆ ಕಸಿ ಮಾಡಿದ ಗುಂಪೂ ಜೊತೆಗಿರಲಿ; ಇಲ್ಲದಿದ್ದರೆ ಹೊಲಿಗೆಯ ಗಾಯದಿಂದ ಬಂದ ದಪ್ಪವನ್ನೂ ತಿರಸ್ಕಾರವೆಂದೇ ಎಣಿಸುತ್ತೀರಿ.

ದಾನಿಯ ನಾಳವನ್ನು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಬೆರೆತ ತಣ್ಣನೆಯ ಸಲೈನ್‌ನಿಂದ ತೊಳೆಯಿರಿ. ಸೊಂಟದ ಕಡೆ ಕವಲೊಡೆಯುವ ಸಣ್ಣ ನಾಳಗಳನ್ನು ಬಿಡದೆ ಕಟ್ಟಿರಿ; ಕ್ಲ್ಯಾಂಪ್ ತೆಗೆದಾಗ ರಕ್ತ ಚಿಮ್ಮುವುದು ಅಲ್ಲಿಂದಲೇ. ಸ್ವೀಕರಿಸುವ ಇಲಿಯಲ್ಲಿ ಮೂತ್ರಪಿಂಡದ ನಾಳಗಳ ಕೆಳಗೆ ಮಹಾಪಧಮನಿಗೆ ಎರಡು ಕ್ಲ್ಯಾಂಪ್ ಹಾಕಿ ಕತ್ತರಿಸಿ. ದಾನಿಯ ನಾಳದ ತುಂಡನ್ನು ಆ ಕಡಿತದ ನಡುವೆ ಇಟ್ಟು, ಪ್ರತಿ ತುದಿಯಲ್ಲೂ ಎದುರುಬದುರು ಎರಡು ಆಧಾರ ಹೊಲಿಗೆ ಹಾಕಿ, ಅವುಗಳ ನಡುವೆ 11-0 ಅಳತೆಯ ಅತಿ ತೆಳು ನೈಲಾನ್ ದಾರದಲ್ಲಿ ಬಿಡಿಬಿಡಿಯಾಗಿ ಹೊಲಿಯಿರಿ. ಸೂಜಿ ಹಿಂದಿನ ಗೋಡೆಯನ್ನೂ ಹಿಡಿದರೆ ಒಳದಾರಿ ಮುಚ್ಚಿ ರಕ್ತ ಹೆಪ್ಪುಗಟ್ಟುತ್ತದೆ, ಇಲಿ ಹಿಂಗಾಲು ಎಳೆಯತೊಡಗುತ್ತದೆ. ಅಂಥ ಪ್ರಾಣಿಯನ್ನು ನರಳಲು ಬಿಡಬೇಡಿ, ಅನುಮತಿಯಲ್ಲಿ ಹೇಳಿದಂತೆ ನೋವಿಲ್ಲದೆ ಕೊನೆಗಾಣಿಸಿ. ಹೊಲಿಗೆ ಮುಗಿದ ಮೇಲೆ ಮೊದಲು ಕೆಳಗಿನ ಕ್ಲ್ಯಾಂಪ್, ಆಮೇಲೆ ಮೇಲಿನದು ತೆಗೆಯಿರಿ. ಕಸಿಯ ಆಚೆಗೂ ಮಿಡಿತ ಕಾಣಬೇಕು.

ನೋವಿಗೆ ಬ್ಯೂಪ್ರೆನಾರ್ಫಿನ್, ಕೆಜಿಗೆ 0.05–0.1 ಮಿ.ಗ್ರಾಂ, ಚರ್ಮದಡಿ. ಮುಂಬಯಿ ಮಳೆಗಾಲದಲ್ಲಿ ಪ್ರಾಣಿಕೋಣೆಯ ತೇವಾಂಶ 70% ದಾಟದಂತೆ ಡಿಹ್ಯೂಮಿಡಿಫೈಯರ್ ಓಡುತ್ತಿರಲಿ.

4ರಿಂದ 8 ವಾರಕ್ಕೆ ನಾಳ ತೆಗೆದು, ಹೊಲಿಗೆಯ ತುದಿಗಳನ್ನು ಬಿಟ್ಟು ನಡುಭಾಗದಿಂದ 5 ಮೈಕ್ರೋಮೀಟರ್ ದಪ್ಪದ ಸೆಕ್ಷನ್ (ತೆಳು ಸೀಳು) ಮಾಡಿ. ವೆರ್‌ಹಾಫ್ ಬಣ್ಣದಲ್ಲಿ ಒಳ ಸ್ಥಿತಿಸ್ಥಾಪಕ ಪದರ ಕಪ್ಪು ಗೆರೆಯಾಗಿ ಕಾಣುತ್ತದೆ. ಆ ಗೆರೆಯೊಳಗಿನ ಒಟ್ಟು ವಿಸ್ತೀರ್ಣದಲ್ಲಿ ಹೊಸ ಇಂಟಿಮಾ (ನಾಳದ ಒಳಗೋಡೆಯಲ್ಲಿ ಹೊಸದಾಗಿ ಬೆಳೆದ ಪದರ) ಆಕ್ರಮಿಸಿದ ಶೇಕಡಾವಾರು ಪಾಲೇ ನಾಳ ಕಿರಿದಾದ ಪ್ರಮಾಣ. ಅಳೆಯುವವರಿಗೆ ಗುಂಪಿನ ಗುರುತು ತಿಳಿದಿರಬಾರದು.