ತೋಟದ ಮಳೆ ಲೆಕ್ಕ ಪೈಥಾನ್‌ನಲ್ಲಿ ಓದುವುದು ಹೇಗೆ?

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್‌ನಲ್ಲಿ ಬರೆದಿಡುವುದು ಹಳೇ ರೂಢಿ. ಈಗ ಆ ಡೈರಿ ಎಷ್ಟೋ ಮನೆಗಳಲ್ಲಿ ಎಕ್ಸೆಲ್‌ಗೆ ಏರಿದೆ. ಅದನ್ನು ಪೈಥಾನ್‌ನಲ್ಲಿ ಓದಲು ಹೊರಟ ಹುಡುಗರು ಮಾತ್ರ ಶುರುವಿನಲ್ಲೇ ಎಡವುತ್ತಾರೆ.

ಮೊದಲು ಫೈಲನ್ನು 'ಸಿಎಸ್‌ವಿ ಯುಟಿಎಫ್-8' ಅಂತಲೇ ಸೇವ್ ಮಾಡಿ. ಸಿಎಸ್‌ವಿ ಅಂದರೆ ಕಾಲಂಗಳ ನಡುವೆ ಕಾಮಾ ಹಾಕಿದ ಬರೀ ಪಠ್ಯದ ಫೈಲು, ಯುಟಿಎಫ್-8 ಅಂದರೆ ಕನ್ನಡವೂ ಉಳಿಯುವಂತೆ ಅಕ್ಷರಗಳನ್ನು ಸೇವ್ ಮಾಡುವ ಕ್ರಮ (ಎನ್‌ಕೋಡಿಂಗ್). ಬರೀ 'ಸಿಎಸ್‌ವಿ' ಆರಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆಯಾಗುತ್ತವೆ, ಆ ಫೈಲಿನಿಂದ ಮತ್ತೆ ವಾಪಸ್ ಬರಲ್ಲ.

ನೋಟ್‌ಪ್ಯಾಡ್‌ನಲ್ಲಿ ತೆರೆದು ಕಾಲಂಗಳ ನಡುವೆ ಕಾಮಾ ಇದೆಯೋ ಟ್ಯಾಬ್ ಇದೆಯೋ ನೋಡಿಕೊಳ್ಳಿ.

ಇನ್ನು ಓದುವುದು. ದಯವಿಟ್ಟು ಸಾಲನ್ನು ಕಾಮಾ ಸಿಕ್ಕಲ್ಲೆಲ್ಲ ಸ್ಪ್ಲಿಟ್ ಮಾಡಬೇಡಿ. ಷರಾ ಕಾಲಂನಲ್ಲಿ "ಜೋರು ಗಾಳಿ, ಕರೆಂಟ್ ಇಲ್ಲ" ಅಂತ ಇದ್ದರೆ ಒಂದು ಕಾಲಂ ಎರಡಾಗಿ, ಆ ಸಾಲಿನಲ್ಲಿ ಮುಂದಿನದ್ದೆಲ್ಲ ಒಂದೊಂದು ಮನೆ ಜರುಗುತ್ತದೆ. ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್‌ಗೆ ಉದ್ಧರಣ ಚಿಹ್ನೆಯ ಒಳಗಿನ ಕಾಮಾ ಬೇರೆ ಅಂತ ಗೊತ್ತು. ಅದರ ಡಿಕ್ಟ್‌ರೀಡರ್ ಬಳಸಿ, ಕಾಲಂ ಹೆಸರು ಹೇಳಿಯೇ ಬೆಲೆ ತೆಗೆಯಬಹುದು. ಟ್ಯಾಬ್ ಇದ್ದರೆ ಡಿಲಿಮಿಟರ್ (ಕಾಲಂ ಬೇರೆ ಮಾಡುವ ಚಿಹ್ನೆ) ಅದು ಅಂತ ಹೇಳಿ.

ಫೈಲ್ ಓಪನ್ ಮಾಡುವಾಗ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಕೊಡಿ, ಬರೀ ಯುಟಿಎಫ್-8 ಅಲ್ಲ. ಎಕ್ಸೆಲ್ ಫೈಲಿನ ತಲೆಗೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತದೆ. ಅದು ಮೊದಲ ಕಾಲಂ ಹೆಸರಿಗೆ ಅಂಟಿಕೊಂಡರೆ, 'ದಿನಾಂಕ' ಕಣ್ಣೆದುರೇ ಇದ್ದರೂ ಪೈಥಾನ್ ಇಲ್ಲ ಅನ್ನುತ್ತದೆ, ನೀವು ಸುಮ್ನೆ ಸ್ಪೆಲ್ಲಿಂಗ್ ಹುಡುಕುತ್ತಾ ಕೂರುತ್ತೀರಿ. ಓಪನ್ ಮಾಡುವಾಗಲೇ ನ್ಯೂಲೈನ್‌ಗೆ ಖಾಲಿ ಸ್ಟ್ರಿಂಗ್ (ಏನೂ ಬರೆಯದ ಉದ್ಧರಣ ಚಿಹ್ನೆ ಜೋಡಿ) ಕೊಡಿ, ಇಲ್ಲವಾದರೆ ಸೆಲ್ ಒಳಗೆ ಎಂಟರ್ ಹೊಡೆದಿರುವ ಷರಾಗಳು ಕೆಡಬಹುದು.

ಕೋಷ್ಟಕಗಳ ಲೆಕ್ಕಕ್ಕೆ ಬಳಸುವ ಪೈಥಾನ್ ಲೈಬ್ರರಿ ಪಾಂಡಾಸ್ ಬೇಡ್ವಾ ಅಂತ ಕೇಳುತ್ತಾರೆ. ಒಂದು ತೋಟದ ಲೆಕ್ಕಕ್ಕೆ ಬೇಡ. ಆನ್‌ಲೈನ್ ಕನ್ವರ್ಟರ್‌ಗಳಂತೂ ಬೇಡವೇ ಬೇಡ, ಮನೆ ಲೆಕ್ಕ ಯಾರದೋ ಸರ್ವರ್‌ಗೆ ಯಾಕೆ ಹೋಗಬೇಕು?

ಓದಿದ್ದೆಲ್ಲ ಪಠ್ಯವಾಗಿಯೇ ಬರುತ್ತದೆ. 1.20ಕ್ಕೆ 0.45 ಕೂಡಿಸಿದರೆ 1.200.45 ಆಗುತ್ತದೆ, ಹಾಗಾಗಿ ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿ. ಅದಕ್ಕೂ ಮೊದಲು ಖಾಲಿ ಸೆಲ್‌ಗಳನ್ನು ಬೇರೆ ಮಾಡಿ. ಖಾಲಿ ಅಂದರೆ ಅಳೆದಿಲ್ಲ ಅಂತ, ಮಳೆ ಇಲ್ಲ ಅಂತಲ್ಲ, ಸೊನ್ನೆ ತುಂಬಬೇಡಿ. ಒಂದು ಇಂಚಿಗೆ ನೂರು ಸೆಂಟ್, ಅಂದರೆ ಒಂದು ಇಂಚು ಐದು ಸೆಂಟ್ 1.05 ಆಗಬೇಕು. 1.5 ಅಂತ ಬರೆದಿದ್ದರೆ ಅದು ಒಂದು ಇಂಚು ಐವತ್ತು ಸೆಂಟ್ ಆಯ್ತು. ಇದನ್ನು ಯಾವ ಮಾಡ್ಯೂಲೂ ಹಿಡಿಯಲ್ಲ, ಡೈರಿ ಪಕ್ಕದಲ್ಲಿಟ್ಟು ನೋಡಬೇಕು.

ತಾರೀಕು ಓದುವಾಗ ದಿನ ಮೊದಲು, ತಿಂಗಳು ಆಮೇಲೆ ಅಂತ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಮಾರ್ಚ್ 6ರ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಜೂನ್ 3ಕ್ಕೆ ಹೋಗಿ ಮುಂಗಾರಿನ ಲೆಕ್ಕಕ್ಕೆ ಸೇರಿಕೊಂಡೀತು.